ಎರಡು ಬೀಗದ ಬಾಗಿಲು

ಇನ್ನೊಂದು ಸುತ್ತು ಚಹಾ ತಂದಿಟ್ಟಾಗ ಅಣ್ಣನೂ ಬೇಡ ಎಂದ, ತಂಗಿಯೂ ಬೇಡ ಎಂದಳು. ಬೆಳಗಿನಿಂದ ಅವರಿಬ್ಬರೂ ಒಮ್ಮತಕ್ಕೆ ಬಂದ ಮೊದಲ ವಿಷಯ ಅದು.

ಅಣ್ಣ ಮೇಲಿನ ಊರಿನ ಪುರಸಭೆಯ ಅಧ್ಯಕ್ಷ. ತಂಗಿ ಮದುವೆಯಾಗಿ ಹೋದದ್ದು ಪಕ್ಕದ ಕೆಳಗಿನ ಊರಿಗೆ. ಈಗ ಅಲ್ಲಿನ ಅಧ್ಯಕ್ಷೆ. ಕೂತಿದ್ದದ್ದು ಎರಡು ಊರಿನ ಗಡಿಯ ಮೇಲೆ, ಅರ್ಧರ್ಧ ಖರ್ಚು ಹಾಕಿ ಕಟ್ಟಿಸಿದ ಸಮುದಾಯ ಭವನದಲ್ಲಿ. ಭವನ ಕಟ್ಟುವಾಗ ನಾ ಮುಂದು ತಾ ಮುಂದು ಎಂದು ಓಡಿ ಬಂದು, ಹೆಸರು ಕೆತ್ತಿದ ಕಲ್ಲಿನ ಪಕ್ಕ ನಿಂತು ಫೋಟೊ ತೆಗೆಸಿಕೊಂಡವರು, ಅದೇ ಬೀದಿಯ ಒಳಚರಂಡಿ ಎಂದ ಕೂಡಲೇ ಮೂಗು ಮುರಿದಿದ್ದರು. ಮೇಲಿನ ಊರಿನ ಪೈಪು ಗಡಿಯ ಈಚೆಗೇ ನಿಂತುಬಿಟ್ಟಿತ್ತು, ಕೆಳಗಿನ ಊರಿನದು ಗಡಿಯ ಆಚೆಯಿಂದ ಶುರುವಾಗುತ್ತಿತ್ತು. ನಡುವಿನ ತುಂಡು ಯಾರಿಗೂ ಬೇಡವಾದ್ದರಿಂದ, ಮೇಲಿನಿಂದ ಇಳಿದು ಬಂದದ್ದೆಲ್ಲ ಭವನದ ಎದುರಿನ ಹೊಲಿಗೆ ಅಂಗಡಿಯ ಮೆಟ್ಟಿಲ ಮುಂದೆ ಉಕ್ಕುತ್ತಿತ್ತು.

ಆ ಅಂಗಡಿಯ ಹೊಲಿಗೆಯಕ್ಕನೇ ಭವನವನ್ನೂ ನೋಡಿಕೊಳ್ಳುತ್ತಿದ್ದಳು. ಚಹಾ ತಂದವಳೂ ಅವಳೇ. ಅಂಗಡಿಯಲ್ಲಿ ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ನಾತ. ಅಳತೆ ಕೊಡಲು ಬಂದವರು ಮೂಗು ಮುಚ್ಚಿಕೊಂಡು ಹಾಗೇ ಮುಂದಿನ ಬೀದಿಗೆ ಹೋಗುತ್ತಿದ್ದರು. ಇವತ್ತೂ ಪೈಪು ಕೂಡಿಸುವ ಒಪ್ಪಂದಕ್ಕೆ ಸಹಿ ಬೀಳದಿದ್ದರೆ ಅಂಗಡಿ ಮುಚ್ಚುವುದೇ ಸರಿ ಎಂದು ಅವಳು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಇಪ್ಪತ್ತು ವರ್ಷ ತುಳಿದ ಮೆಷಿನ್ನು.

"ಕೊಳಚೆ ಬರೋದು ನಿಮ್ಮೂರಿಂದ. ಖರ್ಚು ನೀನೇ ಹಾಕು," ಎಂದಳು ತಂಗಿ.

"ಹರಿಯೋದು ನಿಮ್ಮೂರಿಗೆ. ಬೇಡ ಅಂದ್ರೆ ನೀರಿಗೆ ಹೇಳು, ವಾಪಸ್ಸು ಹತ್ತಿ ಬರಲಿ," ಎಂದ ಅಣ್ಣ.

"ಚಿಕ್ಕೋಳಿದ್ದಾಗಿಂದ ಇದೇ ಆಯ್ತು. ಉಣ್ಣೋದು ನೀನು, ತಟ್ಟೆ ತೊಳೆಯೋದು ನಾನು!"

ಅಣ್ಣ ಕಾಲ ಮೇಲೆ ಕಾಲು ಹಾಕಿ ಬಿಗಿಯಾಗಿ ಕೂತ. ತಂಗಿಯೂ ಸೀರೆಯ ನೆರಿಗೆ ಸರಿಪಡಿಸುವ ನೆಪದಲ್ಲಿ ಕುರ್ಚಿಯ ತುದಿಗೆ ಸರಿದಳು. ಭವನಕ್ಕಿದ್ದದ್ದು ಒಂದೇ ಶೌಚಾಲಯ. ಚರಂಡಿಯ ಜಗಳ ಮುಗಿಯುವವರೆಗೆ ಒಂದು ಊರಿನವರು ಕದ್ದು ಅದನ್ನು ಬಳಸಬಾರದೆಂದು ಇನ್ನೊಂದು ಊರಿನವರು ಬೀಗ ಹಾಕಿಸಿದ್ದರು. ಅದನ್ನು ನೋಡಿ ಆ ಊರಿನವರೂ ತಮ್ಮದೊಂದು ಹಾಕಿಸಿದ್ದರು. ಒಂದರ ಕೀಲಿ ಅಣ್ಣನ ಜೇಬಿನಲ್ಲಿತ್ತು, ಇನ್ನೊಂದರದು ತಂಗಿಯ ಕೈಚೀಲದಲ್ಲಿ. ಮೊದಲು ಕೀಲಿ ತೆಗೆದವರು ಸೋತಂತೆ.

ಹೊಲಿಗೆಯಕ್ಕ ಹೂಜಿ ಎತ್ತಿ ಲೋಟಕ್ಕೆ ನೀರು ಬಗ್ಗಿಸತೊಡಗಿದಳು. ಸಣ್ಣ ಧಾರೆ, ನಿಧಾನವಾಗಿ.

"ಅದನ್ನ ನಿಲ್ಲಿಸಮ್ಮಾ ತಾಯಿ!" ಎಂದು ಅಣ್ಣ ಎದ್ದೇಬಿಟ್ಟ. ಕೀಲಿ ಮೇಜಿನ ಮೇಲೆ ಬಿತ್ತು. ಅದರ ಹಿಂದೆಯೇ ತಂಗಿಯದೂ ಬಿತ್ತು.

ಹೊಲಿಗೆಯಕ್ಕ ಎರಡೂ ಕೀಲಿ ತೆಗೆದುಕೊಂಡು ಶೌಚಾಲಯದ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. "ಧಾರಾಳವಾಗಿ ಹೋಗಿಬನ್ನಿ, ನಾನೇನು ಬೇಡ ಅನ್ನಲ್ಲ. ಆದ್ರೆ ಇದೂ ಬಂದು ಉಕ್ಕೋದು ನನ್ನ ಮೆಟ್ಟಿಲ ಮುಂದೇನೇ. ಆಮೇಲೆ ಇಬ್ಬರೂ ಅಲ್ಲಿ ಬಂದು ನಿಂತು, ಯಾವುದು ಯಾರ ಊರಿಂದು ಅಂತ ಗುರುತು ಹಿಡಿದು ಹೇಳ್ಬಿಡಿ. ಅವರವರ ಪಾಲಿನ ಖರ್ಚು ಅವರವರು ಹಾಕಿದ್ರಾಯ್ತು."

ಅಣ್ಣ ತಂಗಿಯ ಮುಖ ನೋಡಿದ. ತಂಗಿ ತುಟಿ ಕಚ್ಚಿ ಹಿಡಿದಿದ್ದ ನಗು ಫಕ್ಕನೆ ಹೊರಗೆ ಬಂತು.

"ನಗಿಸ್ಬೇಡ ಕಣೇ, ನಿನ್ನ ದಮ್ಮಯ್ಯ!" ಎಂದು ಅವನೂ ಹೊಟ್ಟೆ ಹಿಡಿದುಕೊಂಡು ನಕ್ಕ. "ಅರ್ಧ ಅರ್ಧ?"

"ಅರ್ಧ ಅರ್ಧ. ಪೆನ್ನು ಕೊಡು ಬೇಗ!"

ಒಪ್ಪಂದಕ್ಕೆ ಇಬ್ಬರೂ ನಿಂತಲ್ಲೇ ಸಹಿ ಗೀಚಿದರು. ಮೇಲಿನ ಊರಿನ ಅಧ್ಯಕ್ಷರ ಸಹಿ ಗೆರೆ ದಾಟಿ ಎತ್ತಲೋ ಹೋಗಿತ್ತು. ಬೀಗಗಳು ಕಳಚಿದ್ದೇ ತಡ ಅಣ್ಣ ಒಳಗೆ ನುಗ್ಗಿ ಚಿಲಕ ಹಾಕಿಕೊಂಡ. ಕೆಳಗಿನ ಊರಿನ ಅಧ್ಯಕ್ಷೆ ಎರಡು ಜಡೆಯ ಹುಡುಗಿಯ ಹಾಗೆ ಕುಣಿಯುತ್ತ ಬಾಗಿಲು ಬಡಿದಳು. "ಅಣ್ಣಾ, ಬೇಗ ಬಾರೋ! ಯಾವಾಗ್ಲೂ ಹಿಂಗೇ ನೀನು!" ಒಳಗಿನಿಂದ ಹಾಡು ಕೇಳಿಸಿತು.

ಪೈಪು ಕೂಡಿಸಿಯಾಯಿತು. ಬೇಡವಾದ ಆ ಎರಡು ಬೀಗಗಳನ್ನು ಹೊಲಿಗೆಯಕ್ಕ ಅಂಗಡಿಗೆ ತಂದಿಟ್ಟುಕೊಂಡಿದ್ದಾಳೆ. ಈಗ ಅಲ್ಲಿ ದಿನವಿಡೀ ಕಿಟಕಿ ತೆರೆದಿರುತ್ತದೆ. ಕತ್ತರಿಸಲು ಹರಡಿದ ಬಟ್ಟೆ ಗಾಳಿಗೆ ಹಾರದಂತೆ ಆ ತುದಿಗೊಂದು, ಈ ತುದಿಗೊಂದು ಬೀಗ ಇಟ್ಟಿರುತ್ತಾಳೆ.