ಎಡಗೆನ್ನೆ

ಮೊಮ್ಮಗಳ ಅಂಗೈ ಎಡಗೆನ್ನೆಗೆ ತಗುಲಿದ್ದೇ ತಡ, ಬಡಗಿ ತಾತ ಅವಳನ್ನು ರಪ್ಪನೆ ತಳ್ಳಿಬಿಟ್ಟ. ಮುದ್ದು ಮಾಡಲು ಬಂದ ಮಗು ಮರದ ಹೊಟ್ಟಿನ ಮೇಲೆ ಕುಕ್ಕರಿಸಿ ಬಿತ್ತು.

"ಯಾಕ್ ತಾತ ಹೊಡ್ದೆ?"

ಕೆನ್ನೆಯಲ್ಲಿ ಸಿಡಿಲು ಹೊಡೆದಂತಾಗಿ ಅವನಿಗೆ ಬಾಯಿ ಬಿಡಲಾಗಲಿಲ್ಲ. ಮಿದುಳಿನ ರಕ್ತನಾಳವೊಂದು ಉಬ್ಬಿ, ಮುಖದ ನರವನ್ನು ಒತ್ತುತ್ತಿದೆ ಎಂದು ಡಾಕ್ಟರು ಹೇಳಿದ್ದರು. "ಈ ವಯಸ್ಸಲ್ಲಿ ಆಪರೇಷನ್ ಬೇಡ ಯಜಮಾನ್ರೇ, ಮಾತ್ರೆ ನುಂಗ್ತಾ ತಡ್ಕೊಳ್ಳಿ" ಎಂದಿದ್ದರು.

"ಹೊಡೀಲಿಲ್ಲ ಪುಟ್ಟಿ," ಎಂದ ಕೊನೆಗೆ. "ಇಲ್ಲಿ ಮುಟ್ಟಿದ್ರೆ ತುಂಬಾ ನೋವಾಗುತ್ತೆ."

ಅವಳು ಕಣ್ಣೊರೆಸಿಕೊಂಡು ಎದ್ದಳು. "ಮೊದಲೇ ಹೇಳ್ಬಾರ್ದಾ? ಮುಟ್ಟಲ್ಲ ಬಿಡು, ಊದ್ತೀನಿ. ನನ್ ಮಂಡಿ ಗಾಯಕ್ಕೆ ನೀನೂ ಊದಿದ್ದೆ ತಾನೆ?"

ಆ ಕೆನ್ನೆಗೆ ಗಾಳಿ ಸೋಕಿದರೂ ಉಳಿ ಹೊಕ್ಕಂತಾಗುತ್ತಿತ್ತು. ಎಂಥ ಸೆಕೆಯಲ್ಲೂ ಅವನು ಅಂಗಡಿಯ ಫ್ಯಾನು ಹಾಕುತ್ತಿರಲಿಲ್ಲ. ಬೇಡ ಎನ್ನಬೇಕೆಂದುಕೊಂಡ. ಆದರೆ ಅವಳ ರೆಪ್ಪೆ ಇನ್ನೂ ಒದ್ದೆಯಾಗಿತ್ತು. ಎರಡೂ ಕೈಯಿಂದ ಕೆಲಸದ ಮೇಜಿನ ಅಂಚನ್ನು ಬಿಗಿಹಿಡಿದು ಬಗ್ಗಿದ. ಅವಳು ಊದಿದಳು. ಅವನ ಕಣ್ಣು ಕತ್ತಲಿಟ್ಟಿತು.

"ಹೋಯ್ತಾ ತಾತ?"

"ಹೋಯ್ತು ಕಂದ."

ಅವಳ ಮುಖ ಅರಳಿತು. "ತಡಿ, ಪೂರ್ತಿ ಹೋಗ್ಲಿ," ಎಂದು ಇನ್ನೂ ಹತ್ತಿರ ಬಂದು ಎದೆ ತುಂಬ ಉಸಿರೆಳೆದುಕೊಂಡಳು.