ಕಾಲು ಕುಯ್ದ ಸಿಂಹಾಸನ

ರಾಜ ಓಡಿಹೋದನೆಂದು ಕೇಳಿದ್ದೇ ತಡ, ಊರಿಗೆ ಊರೇ ತಮಟೆ ಬಡಿಯುತ್ತ ಅರಮನೆಗೆ ನುಗ್ಗಿತು. ದರ್ಬಾರಿನಲ್ಲಿ ಕುಣಿದದ್ದೇ ಕುಣಿದದ್ದು. ದಂಗೆಯ ನಾಯಕ ಸಿಂಹಾಸನ ತೋರಿಸಿ ಕೂಗಿದ:

"ಇನ್ಮೇಲೆ ಯಾರೂ ಎತ್ತರದಾಗೆ ಕೂರಂಗಿಲ್ಲ! ಇದರ ಕಾಲು ಕುಯ್ದಾಕ್ರೋ!"

ಬಡಗಿ ಕಾಳಾಚಾರಿ ನಾಲ್ಕೂ ಕಾಲು ಕುಯ್ದ. ಸಿಂಹಾಸನ ದೊಪ್ಪನೆ ನೆಲಕ್ಕೆ ಕೂತಾಗ ಶಿಳ್ಳೆಗೆ ಸೂರು ಹಾರಿಹೋಗುವುದೊಂದು ಬಾಕಿ. ನಾಯಕ ಅದರಲ್ಲಿ ಕೂತ; ಜನ ಅವನ ಮೊಣಕೈಗೆ ಮೊಣಕೈ ತಾಗಿಸಿ ನೆಲದಲ್ಲೇ ಕೂತರು.

ವಾರದೊಳಗೆ ಅರಮನೆಯಿಂದ ಕಾಳಾಚಾರಿಗೆ ಕರೆ ಬಂತು. ಅವನು ನಗುತ್ತ, ಹೊಸ ಕಾಲು ನಾಲ್ಕನ್ನು ಹೊತ್ತುಕೊಂಡೇ ಹೋದ.

"ಜೋಡಿಸ್ಲಾ ಅಣ್ಣಾ?"

"ಛೇ, ಆಡಿದ ಮಾತಿಗೆ ತಪ್ತೀನಾ?" ಎಂದ ನಾಯಕ. "ಸಿಂಹಾಸನ ಹಿಂಗೇ ಇರ್ಲಿ. ನೀವೆಲ್ಲ ಕೂರೋ ಕಡೆ ನೆಲ ಮೂರಡಿ ಅಗೀರಿ."