ನಿದ್ದೆಯ ಡ್ರಾವರು

ಸುಗಲಾ ಟ್ರಕ್ಕಿನ ಬೆನ್ನ ಮೇಲಿನ ಪುಟ್ಟ ಮನೆಯ ಹಾಸಿಗೆಯ ಮೇಲೆ ಧೊಪ್ಪೆಂದು ಬಿದ್ದು ನಕ್ಕಳು. ಗೋಡೆಯ ಉಸಿರುಮಾಪಕದ ಮುಳ್ಳು ಕೆಂಪಿಗೆ ನೆಗೆಯಿತು.

“ಅಕ್ಕಾರ, ಹಿಂಗ ನಕ್ಕರ ಮಂಗೋಲಿಯಾದ ಗಡಿಯೊಳಗ ಬಿಡಂಗಿಲ್ರಿ,” ಎಂದ ಗಾಡಿ ಮಾರುವ ಶೋರೂಮಿನ ಗುರುಪಾದ. “ಬ್ಯಾಟರಿ ಗಾಡಿ ಹೊಗಿ ಉಗುಳಂಗಿಲ್ಲ, ಖರೆ. ಆದ್ರ ಅಲ್ಲಿ ಒಂದ್ ಗಾಡಿಗೆ ಇಷ್ಟ ಹೊಗಿ ಅಂತ ಮಿತಿ ಐತಿ, ಒಳಗ ಕುಂತವ್ರ ಉಸಿರೂ ಅದರ ಲೆಕ್ಕಕ್ಕ ಬರ್ತೈತಿ.”

ಹೊಗೆಯುಗುಳುವ ಎಥೆನಾಲ್ ಗಾಡಿಯಲ್ಲಾದರೆ ಆ ಮಿತಿಯೊಳಗೆ ಪಿಸುಗುಟ್ಟುವಷ್ಟೇ ಉಸಿರು ಉಳಿಯುತ್ತಿತ್ತು. ಇದರಲ್ಲಿ ಮಾತಾಡಬಹುದು, ನಗುವಂತಿಲ್ಲ. ಮಂಗೋಲಿಯಾದ ಹುಲ್ಲುಗಾವಲು ನೋಡುವುದು ಮದುವೆಯ ದಿನದಿಂದಲೂ ಸುಗಲಾಳ ಆಸೆ. ಗಂಡ ಅಡಿವೆಪ್ಪ ಗಡ್ಡ ಕೆರೆದುಕೊಂಡ.

ಗುರುಪಾದ ಹಾಸಿಗೆಯ ಕೆಳಗಿನ ಉದ್ದನೆಯ ಡ್ರಾವರು ಎಳೆದ. “ಇದು ನಿದ್ದಿ ಡ್ರಾವರು, ಇದರಾಗ ಮಲಗಿದವ್ರಿಗೆ ಉಸಿರು ಬ್ಯಾಡ. ಮಂಗೋಲಿಯಾಕ್ಕ ಹೋಗಿ ಬರೂತನಕ ಒಬ್ರು ಮಲಗಿದ್ರ ಅವರ ಪಾಲಿನ ಉಸಿರೂ ಇನ್ನೊಬ್ರಿಗೆ ಉಳೀತೈತಿ. ಹೊಟ್ಟಿ ತುಂಬ ನಗ್ರಿ.”

ಅಡಿವೆಪ್ಪ ಚಪ್ಪಲಿ ಕಳಚಿ, ಪೈಲ್ವಾನನ ಮೈಯನ್ನು ಮಡಚಿ, ಪೂಜೆಗೆ ಕೂತವನ ಗಂಭೀರ ಮುಖದಲ್ಲಿ ಡ್ರಾವರಿನೊಳಗೆ ಮಲಗಿದ. “ನಾ ಮಲಗ್ತೀನಿ. ನೀ ನಗು.”

ಆ ಮುಖ ನೋಡಿ ಸುಗಲಾ ಹೊಟ್ಟೆ ಹಿಡಿದುಕೊಂಡು ಉರುಳಾಡಿದಳು. ಮುಳ್ಳು ತುದಿಗೆ ಬಡಿಯಿತು.

ಗುರುಪಾದ ಡ್ರಾವರನ್ನು ಮೆಲ್ಲಗೆ ಒಳಗೆ ತಳ್ಳಿದ. ಸುಗಲಾಳ ನಗು ನಿಂತಿತು. ಮುಳ್ಳು ಹಸಿರಿಗಿಳಿಯಿತು.

“ಬರೋಬ್ಬರಿ ಆತು ನೋಡ್ರಿ. ಬುಕ್ ಮಾಡ್ಲೇನ್ರಿ?”

“ಬ್ಯಾಡ,” ಎಂದಳು ಸುಗಲಾ. “ಅವರನ್ನ ಹೊರಗ ತಗಿ.”